ತೂತಿನ ವಾಟಿಯ ಮೇಡಂ

ಆ ಮಡಚುವ ಕುರ್ಚಿಗೆ ಅಂಗಡಿಯವನು ಹೇಳಿದ್ದು ಹದಿನೆಂಟು ನೂರು. ನಾನು ಕೊಟ್ಟದ್ದು ಹನ್ನೊಂದು ನೂರಾ ಐವತ್ತು. ಇನ್ನೂ ನೂರು ಇಳಿಯುತ್ತಿತ್ತು, ಆದರೆ ಆ ದರಕ್ಕೆ ಬಿಲ್ಲು ಸಿಗುವುದಿಲ್ಲ ಎಂದ. ನನಗೆ ಬಿಲ್ಲು ಬೇಕೇ ಬೇಕಿತ್ತು. ಕುರ್ಚಿ ಯಾರ ಮನೆಗೆ ಹೋಗಬೇಕಿತ್ತೋ ಅವರು ಕುರ್ಚಿ ನೋಡುವ ಮೊದಲು ಬಿಲ್ಲು ನೋಡುವ ಪೈಕಿ.

ಹದಿನಾರು ವರ್ಷ ಅವರು ಕೆರೆಯ ದಂಡೆಯ ಕಲ್ಲಿನ ಮೇಲೆ, ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ, ಒಮ್ಮೆಯಂತೂ ನಾನು ತಂದ ಹಗ್ಗದ ಸುರುಳಿಯ ಮೇಲೆ ಕೂತು ಸರ್ಕಾರದ ಕೆಲಸ ಮಾಡಿದ್ದನ್ನು ನೋಡಿದ್ದೇನೆ. ಅಷ್ಟೂ ವರ್ಷ ನನ್ನಿಂದ ಒಂದು ಪೆನ್ನನ್ನೂ ಅವರು ತೆಗೆದುಕೊಳ್ಳಲಿಲ್ಲ. ಅದಕ್ಕೇ ಅವರು ನಿವೃತ್ತರಾದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಧನಕವಡಿಯ ಅವರ ಮನೆಗೆ ಕುರ್ಚಿ ಹೊತ್ತುಕೊಂಡು ಮೂರು ಮಹಡಿ ಹತ್ತಿದೆ.

ಅವರು ಬಿಲ್ಲು ಓದಿದರು. ಕನ್ನಡಕ ತೆಗೆದರು.

"ನಿನ್ನೆ ತಂದಿದ್ರ ಇದೇ ಮೆಟ್ಟಲಾ ಇಳಸಿ ಕಳಸ್ತಿದ್ದೆ. ಇವತ್ತ ನಾ ಬರೇ ಹೆಣಮಗಳು, ಸರ್ಕಾರ ಅಲ್ಲ. ಇಡ್ರಿ ಅಲ್ಲೆ ಗ್ಯಾಲರಿಯೊಳಗ," ಎಂದರು. ಮತ್ತೊಮ್ಮೆ ಬಿಲ್ಲು ನೋಡಿ, "ನೂರು ರೂಪಾಯಿ ಹೆಚ್ಚಿಗಿ ಕೊಟ್ಟೀರಿ," ಎಂದರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ, ನನ್ನ ಹೆಸರಿಗೆ ಯಾಕ ಮಸಿ ಖರ್ಚು ಮಾಡಿದ್ರಿ ಎಂದು ಫೋನು ಬರುತ್ತದೆ. ಮಹಾರಾಷ್ಟ್ರ ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿ ಅಧಿಕಾರಿ, ಶಿವಾಜಿನಗರದ ಕಡೆ ಆಫೀಸು. ಅಕ್ಕಲಕೋಟೆಯ ಕಡೆಯವರು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ ಅಲ್ಲದ ಒಂದು ಮೌನ. ಸೀರೆಯ ಕೆಳಗೆ ಓಟಗಾರರ ಬೂಟು, ಹೆಗಲಿಗೆ ಖಾಕಿ ಚೀಲ. ಆ ಚೀಲದಲ್ಲಿದ್ದ ಸ್ಟೀಲಿನ ಬಟ್ಟಲಿನಿಂದಾಗಿ ಜಿಲ್ಲೆಯ ಮೀನುಗಾರರೆಲ್ಲ ಅವರನ್ನು 'ವಾಟಿ ಮೇಡಂ' ಎನ್ನುತ್ತಿದ್ದರು. ವಾಟಿ ಎಂದರೆ ಬಟ್ಟಲು, ಅಷ್ಟೇ. ಅದರ ಕಥೆಗೆ ಬರುತ್ತೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ಇವನಿಗೂ ಮೀನಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಬೆಳಗಾವಿ ಜಿಲ್ಲೆಯಿಂದ ಹತ್ತನೇ ಇಯತ್ತೆ ಮುಗಿಸಿ ಬಂದವನು ನಾನು. ರವಿವಾರ ಪೇಠೆಯ ಒಂದು ಹಗ್ಗದಂಗಡಿಯಲ್ಲಿ ನೆಲ ಗುಡಿಸುವುದರಿಂದ ಶುರು ಮಾಡಿ, ಹನ್ನೊಂದು ವರ್ಷದ ಮೇಲೆ ಅದೇ ಸಾಲಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಹಗ್ಗದ ಬೆನ್ನಿಗೆ ಬಲೆ ಬಂತು, ಬಲೆಯ ಬೆನ್ನಿಗೆ ಮೀನುಮರಿ ಪೂರೈಸುವ ಕೆಲಸ ಬಂತು. ನಮ್ಮ ಮನೆಯಲ್ಲಿ ಮೀನು ಎಂಬ ಶಬ್ದವನ್ನೂ ಅಡುಗೆಮನೆಯ ಹೊರಗೇ ನಿಂತು ಆಡಬೇಕು. ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ: "ಮೀನಿನ ರೊಕ್ಕಕ್ಕ ವಾಸನಿ ಇಲ್ಲ ಖರೆ, ನಿಮ್ಮ ಅಂಗಿಗೆ ಅದ."

ಮೇಡಂ ಅವರ ಪರಿಚಯವಾದದ್ದು ಒಂದು ಕಡ್ಡಿಪೆಟ್ಟಿಗೆಯಿಂದ. ಮೀನುಗಾರರಿಗೆ ಸರ್ಕಾರ ಅರ್ಧ ಬೆಲೆಗೆ ಬಲೆ ಕೊಡುವ ಯೋಜನೆ ಬಂದಿತ್ತು. ನನ್ನ ಹತ್ತಿರ ಸಣ್ಣ ಕಣ್ಣಿನ ಬಲೆ ರಾಶಿ ಬಿದ್ದಿತ್ತು. ಅಗ್ಗಕ್ಕೆ ಸಿಕ್ಕಿತೆಂದು ಎತ್ತಿ ತಂದಿದ್ದೆ. ಅಂಗಡಿಗೆ ಬಂದ ಅವರು ಬಲೆ ಬಿಡಿಸಿ, ಚೀಲದಿಂದ ಕಡ್ಡಿಪೆಟ್ಟಿಗೆ ತೆಗೆದು ಬಲೆಯ ಕಣ್ಣಿಗೆ ಹಚ್ಚಿದರು. ಪೆಟ್ಟಿಗೆ ದಾಟಲಿಲ್ಲ.

"ಇದು ನಡಿಯಂಗಿಲ್ಲ. ಕೂಸು ಮೀನು ಸಿಗಬೀಳ್ತಾವ."

"ಮೇಡಂ, ಸ್ವಲ್ಪ ಎಳದ್ರ ದಾಟತದ್ರಿ," ಎಂದೆ.

"ಹೌದಲ್ಲ. ಮೀನಿಗೂ ಹಂಗಽ ಹೇಳ್ರಿ, ಸ್ವಲ್ಪ ಎಳಕೊಂಡು ಹೋಗು ಅಂತ."

ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳು ನಕ್ಕರು. ಆ ಬಲೆಯನ್ನು ಆಮೇಲೆ ದ್ರಾಕ್ಷಿ ತೋಟದವರಿಗೆ ಹಕ್ಕಿ ಕಾಟಕ್ಕೆಂದು ಮಾರಿದೆ, ಲಾಭಕ್ಕೇ ಮಾರಿದೆ. ಯಾವ ಮಾಲೂ ಕೆಟ್ಟದ್ದಲ್ಲ, ಗಿರಾಕಿ ತಪ್ಪಿರುತ್ತಾನೆ ಅಷ್ಟೇ. ಹೊಸದಾಗಿ ಅಂಗಡಿ ಹಾಕುವವರು ಇದನ್ನು ನೆನಪಿಟ್ಟುಕೊಳ್ಳಿ. ಹಾಗೆ ಮಾರಬಹುದೆಂದು ಹೊಳೆಸಿದವರೂ ಮೇಡಂ ಅವರೇ. ಬಾಗಿಲು ದಾಟುವಾಗ, "ನಾರಾಯಣಗಾಂವ್ ಕಡೆ ದ್ರಾಕ್ಷಿಯವ್ರು ಇಂಥಾದ್ದು ಹುಡುಕಾಕತ್ತಾರ," ಎಂದು ಹೇಳಿ ಹೋಗಿದ್ದರು. ಬೇಡ ಎಂದು ಹೇಳಿ ಹೋಗುವ ಅಧಿಕಾರಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಬೇಡ ಎಂದು, ಬೇರೆ ಬಾಗಿಲು ತೋರಿಸಿ ಹೋದವರು ಇವರೊಬ್ಬರೇ.

ಸರ್ಕಾರದ ಆದೇಶಕ್ಕೆ ನಮ್ಮ ಮಹಾರಾಷ್ಟ್ರದಲ್ಲಿ 'ಜಿಆರ್' ಎನ್ನುತ್ತಾರೆ. ಇಲ್ಲಿ ಮಳೆ ಬಂದರೂ ಜಿಆರ್ ಬರುತ್ತದೆ, ಬರದಿದ್ದರೂ ಬರುತ್ತದೆ. ಅದನ್ನು ಓದುವ ವಿದ್ಯೆಯನ್ನು ನನಗೆ ಕಲಿಸಿದವರು ಅವರು. "ಜಿಆರ್ ಅಂದ್ರ ಮದವಿ ಪತ್ರಿಕಿ ಇದ್ದಂಗ," ಎನ್ನುತ್ತಿದ್ದರು. "ಮ್ಯಾಲ ದೇವರ ಹೆಸರು, ನಡುವ ಹಿರೇರ ಹೆಸರು. ಊಟ ಎಲ್ಲಿ ಅನ್ನೂದು ಕೆಳಗ ಸಣ್ಣ ಅಕ್ಷರದಾಗ ಇರ್ತದ. ಕೆಳಗಿಂದ ಓದ್ರಿ." ಅಂದಿನಿಂದ ನಾನು ಬ್ಯಾಂಕಿನ ಕಾಗದವನ್ನೂ ಕೆಳಗಿನಿಂದಲೇ ಓದುತ್ತೇನೆ. ನನಗೆ ಕಟ್ಲಾ, ರೋಹು, ಮೃಗಲ್ ಎಂಬ ಮೂರು ಜಾತಿಯ ಮೀನುಗಳ ಗುರುತು ಹೇಳಿಕೊಟ್ಟವರೂ ಅವರೇ. "ತಲಿ ದೊಡ್ಡದಿದ್ರ ಕಟ್ಲಾ. ತುಟಿ ಝಾಲರಿ ಇದ್ರ ರೋಹು. ಏನೂ ತಿಳೀಲಿಲ್ಲಂದ್ರ ಮೃಗಲ್ ಅಂತ ಹೇಳಿ ಗಂಭೀರ ಮಾರಿ ಮಾಡ್ರಿ."

ಈಗ ವಾಟಿಯ ವಿಷಯ.

ನಮ್ಮ ಕಡೆ ಪ್ರತಿ ಸಣ್ಣ ಅಣೆಕಟ್ಟಿನ ನೀರನ್ನು ಸರ್ಕಾರ ಮೀನುಗಾರರ ಸಹಕಾರಿ ಸಂಘಕ್ಕೆ ಗುತ್ತಿಗೆ ಕೊಡುತ್ತದೆ. ಶರತ್ತು ಏನೆಂದರೆ, ಸಂಘದವರು ವರ್ಷಕ್ಕೆ ಇಂತಿಷ್ಟು ಮೀನುಮರಿಗಳನ್ನು ನೀರಿಗೆ ಬಿಡಬೇಕು, ಇಲಾಖೆಯವರ ಕಣ್ಣೆದುರೇ ಬಿಡಬೇಕು. ಬಿಡದಿದ್ದರೆ ಗುತ್ತಿಗೆ ಹೋಗುತ್ತದೆ, ನೀರು ಹರಾಜಿಗೆ ಬರುತ್ತದೆ, ಹೊರಗಿನ ಠೇಕೇದಾರ ಹಿಡಿಯುತ್ತಾನೆ. ಶರತ್ತು ಒಳ್ಳೆಯದೇ. ಆದರೆ ಐವತ್ತು ಸಾವಿರ ಮರಿಯನ್ನು ಒಂದೊಂದಾಗಿ ಎಣಿಸುವವರು ಯಾರು? ಅದಕ್ಕೆ ಹುಟ್ಟಿದ್ದು ವಾಟಿಯ ಲೆಕ್ಕ. ಒಂದು ವಾಟಿ ಮರಿ ಎಣಿಸುವುದು, ಎಷ್ಟು ವಾಟಿ ಬಿಟ್ಟಿರೋ ಅಷ್ಟರಿಂದ ಗುಣಿಸುವುದು.

ಇದರಲ್ಲಿ ವ್ಯಾಪಾರಿಗಳ ಕೈಚಳಕ ಹೇಗೆ ಎಂದರೆ, ಎಣಿಸುವ ವಾಟಿಯಿಂದ ನೀರು ಬಸಿದು ಮರಿಯನ್ನು ಒತ್ತಿ ತುಂಬುವುದು, ಉಳಿದ ವಾಟಿಗಳಲ್ಲಿ ಅರ್ಧ ನೀರು ಇಡುವುದು. ನಾನು ಮಾಡಿಲ್ಲ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದೂ ಇಲ್ಲ. ಮೇಡಂ ಬಂದವರೇ ತಾಂಬಟ ಆಳಿ ಎಂಬ ಕಂಚುಗಾರರ ಓಣಿಯ ಒಬ್ಬ ಕುಶಲಗಾರನಿಂದ ಸ್ಟೀಲಿನ ವಾಟಿಯ ತಳಕ್ಕೆ ಜರಡಿಯ ಹಾಗೆ ತೂತು ಹಾಕಿಸಿದರು. ನೀರು ತಾನೇ ಸೋರುತ್ತದೆ, ಉಳಿಯುವುದು ಮರಿ ಮಾತ್ರ. ಅದೇ ಅಳತೆಯ ವಾಟಿಯನ್ನು ಸುತ್ತಲಿನ ಮೀನುಮರಿ ಕೇಂದ್ರಗಳಿಗೂ ಮಾಡಿಸಿಕೊಳ್ಳಲು ಹೇಳಿದರು. ಯಾವ ವಾಟಿಯನ್ನು ಎಣಿಸಬೇಕೆಂದು ತಾವೂ ಹೇಳುತ್ತಿರಲಿಲ್ಲ, ನಮಗೂ ಹೇಳಲು ಬಿಡುತ್ತಿರಲಿಲ್ಲ. ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸನ್ನು ಕರೆದು, "ಅಕ್ಕಾ, ಬೇಕಾದಾಗ ಸಾಕು ಅನ್ನು," ಎನ್ನುತ್ತಿದ್ದರು. ಆಕೆ ಸಾಕು ಎಂದಾಗ ಕೈಯಲ್ಲಿದ್ದ ವಾಟಿಯೇ ಎಣಿಕೆಗೆ.

ಸರ್ಕಾರದ ನೀತಿಯ ಬಗ್ಗೆ ಅವರಿಗೆ ಒಂದೇ ಒಂದು ತಕರಾರಿತ್ತು. ಇಲಾಖೆಯ ತಖ್ತೆಯಲ್ಲಿ, ಅಂದರೆ ತುಂಬಿ ಕಳಿಸುವ ನಮೂನೆಯಲ್ಲಿ, ಬಿಟ್ಟ ಮರಿಗಳ ಸಂಖ್ಯೆಗೆ ಜಾಗವಿತ್ತು, ಉದ್ದಕ್ಕೆ ಇರಲಿಲ್ಲ. "ಸೊಳ್ಳಿಯಷ್ಟು ಮರಿ ಬಿಟ್ರೂ ಒಂದು, ಬೆರಳಷ್ಟು ಬಿಟ್ರೂ ಒಂದು. ಸೊಳ್ಳಿಯಷ್ಟಿದ್ದುದು ನಾಳೆ ದೊಡ್ಡ ಮೀನಿನ ಹೊಟ್ಟಿಗೆ ಹೋಗ್ತದ. ಮುಂಬೈಯಾಗ ಕುಂತವರಿಗೆ ಕೆರಿ ಅಂದ್ರ ಒಂದು ಚೌಕ. ಚೌಕದಾಗ ಅಂಕಿ ಬಿದ್ರ ಮುಗೀತು." ಹಾಗೆಂದು ಕೂತು ಬೈಯುತ್ತಿರಲಿಲ್ಲ. ಪ್ರತಿ ವರ್ಷ ಒಂದು ಪುಟದ ಪತ್ರ ಬರೆದು, ಸಂಖ್ಯೆಯ ಪಕ್ಕದಲ್ಲಿ ಉದ್ದದ ಅಂಕಣ ಸೇರಿಸಬೇಕೆಂದು ಮೇಲಕ್ಕೆ ಕಳಿಸುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ಆಫೀಸಿನಲ್ಲಿ ಅದಕ್ಕೆ 'ಮೇಡಂ ಅವರ ವಾರ್ಷಿಕ ಶ್ರಾದ್ಧ' ಎಂದು ಹೆಸರು ಬಿದ್ದಿತ್ತು. ಅವರ ಕಿವಿಗೂ ಬಿದ್ದಿತ್ತು. "ಶ್ರಾದ್ಧಾ ಬಿಟ್ರ ಪಿತೃಗಳು ಸಿಟ್ಟಾಗ್ತಾರ," ಎಂದು ಮರುವರ್ಷ ಮತ್ತೆ ಬರೆದರು.

ನಾಲ್ಕು ವರ್ಷದ ಹಿಂದೆ, ಪುರಂದರದ ಕಡೆಯ ಒಂದು ಸಣ್ಣ ಅಣೆಕಟ್ಟಿನ ಸಂಘಕ್ಕೆ ಐವತ್ತು ಸಾವಿರ ಮರಿ ಪೂರೈಸುವ ಕೆಲಸ ನನಗೆ ಸಿಕ್ಕಿತು. ಮೂವತ್ತು ಮನೆಗಳ ಸಂಘ. ಹಿಂದಿನ ವರ್ಷ ಮರಿ ಕಡಿಮೆ ಬಿಟ್ಟಿದ್ದಕ್ಕೆ ನೋಟೀಸು ಬಂದಿತ್ತು. ಈ ಸಲ ತಿಂಗಳ ಕೊನೆಯ ತಾರೀಖಿನೊಳಗೆ ಐವತ್ತು ಸಾವಿರ ಪೂರ್ತಿಯಾಗದಿದ್ದರೆ ಗುತ್ತಿಗೆ ರದ್ದು. ಒಬ್ಬ ಠೇಕೇದಾರ ಆಗಲೇ ಆ ನೀರಿನ ಮೇಲೆ ಕಣ್ಣಿಟ್ಟು ಕೂತಿದ್ದ.

ಮರಿ ಕೊಳ್ಳಲು ನಾನು ಇಂದಾಪುರದ ಕಡೆಯ ಒಂದು ಮರಿಕೇಂದ್ರಕ್ಕೆ ಹೋದೆ. ಅದರ ಮಾಲೀಕ ಮರಾಠಿ ಮನುಷ್ಯ, ನನ್ನ ಹಳೆಯ ಎದುರಾಳಿ. ನಾವಿಬ್ಬರೂ ಚೌಕಾಶಿಗೆ ಕೂತರೆ ಊಟದ ಹೊತ್ತು ಮೀರುತ್ತದೆ. ಅವನ ಮೂಲೆಯ ತೊಟ್ಟಿಯಲ್ಲಿ ಹಿಂದಿನ ವರ್ಷ ಮಾರಾಟವಾಗದೆ ಉಳಿದ ಮರಿಗಳಿದ್ದವು. ಇಕ್ಕಟ್ಟಿನಲ್ಲಿ ಬೆಳೆದು ಬೆರಳುದ್ದವಾಗಿದ್ದವು. ತೊಟ್ಟಿ ಖಾಲಿಯಾಗಲೆಂದು ಅವನಿಗೆ ಆತುರ. ನಾನು ಎರಡು ಗಂಟೆ ಜಗ್ಗಾಡಿ, ಆ ದೊಡ್ಡ ಮರಿಯನ್ನು ಸಣ್ಣ ಮರಿಯ ದರಕ್ಕೇ, ವಾಟಿಯ ಲೆಕ್ಕದಲ್ಲಿ ಒಪ್ಪಿಸಿದೆ. ವಾಟಿಗೆ ಇನ್ನೂರು ಎಂಬುದು ನಮ್ಮ ಧಂದೆಯಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಎರಡು ನೂರಾ ಐವತ್ತು ವಾಟಿ ತುಂಬಿಸಿಕೊಂಡೆ, ಐವತ್ತು ಸಾವಿರ ಆಯಿತು. ಸಂಘದವರಿಗೆ ಅದೇ ರೊಕ್ಕದಲ್ಲಿ ದಷ್ಟಪುಷ್ಟ ಮಾಲು ಕೊಡುತ್ತಿದ್ದೇನೆಂದು ಹಡಪಸರ ದಾಟುವವರೆಗೆ ಹಾಡು ಗುನುಗಿದೆ.

ತಪ್ಪು ಎಲ್ಲಿದೆ ಎಂದು ನಿಮಗೆ ಆಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ. ಮೂವತ್ತು ವರ್ಷ ಹಗ್ಗ ಮಾರಿದ ತಲೆ ನನ್ನದು. ಅದೇ ದರಕ್ಕೆ ದಪ್ಪ ಹಗ್ಗ ಸಿಕ್ಕರೆ ಅದು ಲಾಭ, ಮಾತು ಮುಗಿಯಿತು. ಮರಿ ದಪ್ಪವಾದರೆ ವಾಟಿಯಲ್ಲಿ ಹಿಡಿಯುವುದು ಕಡಿಮೆ ಎಂಬುದು ಹೊಳೆಯಲೇ ಇಲ್ಲ.

ಕೊನೆಯ ತಾರೀಖಿನ ಹಿಂದಿನ ದಿನ ಬೆಳಿಗ್ಗೆ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಎಲ್ಲರೂ ಸೇರಿದೆವು. ಸಂಘದ ಅಧ್ಯಕ್ಷರನ್ನು ಎಲ್ಲರೂ ಚೇರ್ಮನ್ ಕಾಕಾ ಎನ್ನುತ್ತಿದ್ದರು. ಎಪ್ಪತ್ತರ ಮುದುಕ, ತಲೆಗೆ ಬಿಳಿ ಟೋಪಿ. ಹೆಂಗಸರೂ ಬಂದಿದ್ದರು. ಮೋರಿಯ ಕಟ್ಟೆಯ ಮೇಲೆ ಒಬ್ಬ ಬಿಳಿ ಬೂಟಿನ ಮನುಷ್ಯ ಮೊಬೈಲಿನಲ್ಲಿ ಚಿತ್ರೀಕರಣ ಮಾಡುತ್ತ ಕೂತಿದ್ದ. ಠೇಕೇದಾರನ ಕಡೆಯವನು. ಸುಳ್ಳು ಲೆಕ್ಕ ಬರೆದರೆ ಹಿಡಿಯಲೆಂದೇ ಬಂದಿದ್ದ.

ಮರಿಗಳನ್ನು ಸೊಳ್ಳೆಪರದೆಯಂಥ ಬಲೆಯ ತೊಟ್ಟಿಲಿಗೆ ಸುರಿದು, ಅದನ್ನು ಆಳವಿಲ್ಲದ ನೀರಿನಲ್ಲಿ ಕಟ್ಟಿದೆವು. ಮೇಡಂ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮೊಣಕಾಲುದ್ದ ನೀರಿಗಿಳಿದರು. ವಾಟಿ ಕೈಗೆ ತೆಗೆದುಕೊಂಡರು. ಆಮೇಲೆ ಮೋರಿಯ ಕಡೆ ತಿರುಗಿ ಮರಾಠಿಯಲ್ಲಿ ಕರೆದರು. ಅವರೆಲ್ಲರ ಮಾತನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ, 'ಭಾವೂ' ಒಂದನ್ನು ಬಿಟ್ಟು; ಅದು ಅಣ್ಣ ಎಂಬ ಮಾತು.

"ಬಿಳಿ ಬೂಟಿನ ಭಾವೂ, ಅಲ್ಲಿಂದ ಮೀನು ಕಾಣಂಗಿಲ್ಲ. ಬರ್ರಿ ಇಲ್ಲೆ. ಯಾವ ವಾಟಿ ಎಣಿಸಬೇಕಂತ ನೀವಽ ಹೇಳ್ರಿ."

ಅವನು ಬೇಡ ಎಂದ. ಹೆಂಗಸರಲ್ಲಿ ಒಬ್ಬಳು, "ಬೂಟಿಗೆ ರಾಡಿ ಹತ್ತತದ, ಬಿಡ್ರಿ ಮೇಡಂ, ಅವರಿಗೆ ನಾಳೆ ಲಗ್ನ ಅದ," ಎಂದಳು. ಅವನು ಬೂಟು ಬಿಚ್ಚಿ, ಪ್ಯಾಂಟು ಮಡಚಿ ನೀರಿಗೆ ಇಳಿದ. ಹದಿನೇಳನೆಯ ವಾಟಿ ಎತ್ತಿದಾಗ ಸಾಕು ಎಂದ. ಬಿಳಿ ತಾಟಿನಲ್ಲಿ ಎಣಿಸಿದರು.

ಅರವತ್ತೊಂದು.

ಮತ್ತೊಮ್ಮೆ ಎಣಿಸಿದರು. ಅರವತ್ತೊಂದೇ. ವಾಟಿಗಳು ಇನ್ನೂರೈವತ್ತು ಬಂದವು; ಒಟ್ಟು ಹದಿನೈದು ಸಾವಿರದ ಇನ್ನೂರೈವತ್ತು. ಮೂವತ್ತನಾಲ್ಕು ಸಾವಿರದ ಏಳು ನೂರಾ ಐವತ್ತು ಕಡಿಮೆ.

ಚೇರ್ಮನ್ ಕಾಕಾ ಮೇಡಂ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು: "ಮೇಡಂ, ಎಲ್ಲಾರೂ ಹೇಳೂವಂಗ ವಾಟಿಗೆ ಇನ್ನೂರು ಅಂತ ಬರದು ಬಿಡ್ರಿ. ಮೀನು ದೊಡ್ಡವು ಅದಾವ, ಯಾರಿಗೂ ನುಕ್ಸಾನಿಲ್ಲ. ಮೂವತ್ತು ಮನಿ ಒಲಿ ನಿಮ್ಮ ಪೆನ್ನಿನ ಮ್ಯಾಲ ಅದ."

"ಖರೆ ಅದ ಕಾಕಾ. ಅದಕ್ಕಽ ಸುಳ್ಳು ಬರಿಯಂಗಿಲ್ಲ," ಎಂದರು ಮೇಡಂ. "ನಾ ಇವತ್ತ ಇನ್ನೂರು ಅಂತ ಬರದ್ರ, ಆ ಭಾವೂ ಮೊಬೈಲ್ ತೊಗೊಂಡು ನಾಳೆ ಸಾಹೇಬ್ರ ಮುಂದ ನಿಲ್ತಾನ. ನಾ ಬದ್ಲಿ ಆಗಿ ಬ್ಯಾರೆ ಊರಿಗೆ ಹೋಗ್ತೀನಿ, ನನ್ನ ಪಗಾರ ನಿಲ್ಲಂಗಿಲ್ಲ. ನಿಮ್ಮ ನೀರು ಹೋಗ್ತದ."

ಆಮೇಲೆ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

"ನಾಳೆ ಸಂಜೀ ಆರರ ತನಕಾ ಟೈಮ್ ಅದ. ಉಳಿದದ್ದು ತರ್ರಿ, ಸಣ್ಣ ಮರಿ ತರ್ರಿ. ಮತ್ತ ಒಂದು ಮಾತು. ಒಂದು ದಿನ ಚೌಕಾಶಿ ಮಾಡಬ್ಯಾಡ್ರಿ. ಬಾಯಿ ಮುಚ್ಚಿ ತೊಗೊಂಡು ಬರ್ರಿ."

ಅಂದೇ ಹಿಂದಿರುಗಿ, ಮರುದಿನ ಬೆಳಿಗ್ಗೆ ಮರಿಕೇಂದ್ರದಲ್ಲಿದ್ದೆ. ಸುದ್ದಿ ಫೋನಿನಲ್ಲಿ ಆಗಲೇ ಮುಟ್ಟಿತ್ತು. ಮಾಲೀಕ ದರ ಹೇಳಿದ. ಮೊದಲಿನದಕ್ಕಿಂತ ಒಂದೂವರೆ ಪಟ್ಟು. ಹೇಳಿ, ಎಂದಿನಂತೆ ನನ್ನ ಮುಖ ನೋಡಿದ. ನಾನು ಹೂಂ ಎಂದೆ.

"ಹೂಂ ಅಂದ್ರ?"

"ಹೂಂ. ನೂರಾ ಎಂಬತ್ತು ವಾಟಿ ತುಂಬ್ರಿ."

ಅವನು ಎದ್ದು ನಿಂತ. "ಶೇಟ್, ತಬ್ಬೇತ್ ಬರೋಬರ್ ಅದ ಏನು? ಮನಿಯಾಗ ಎಲ್ಲಾ ಸುಖಾ?" ಎಂದು ಕೇಳಿದ. ಎಲ್ಲ ಚೆನ್ನಾಗಿದೆ ಎಂದೆ. ನೀರು ತರಿಸಿ ಕುಡಿಸಿದ. ಮರಿ ತುಂಬುವಾಗ ಎರಡೆರಡು ಸಲ ತಿರುಗಿ ನೋಡಿದ. ನಾನು ಕಟ್ಟೆಯ ಮೇಲೆ ಕೂತು ತೆಂಗಿನ ಮರ ನೋಡುತ್ತಿದ್ದೆ. ಕಡೆಗೆ ಅವನಿಗೇ ತಡೆಯಲಾಗಲಿಲ್ಲ. "ಹಿಂಗ ಸುಮ್ಮನ ಕುಂತ್ರ ನನಗ ಮೈ ಪರಚಿದಂಗ ಆಗತದ," ಎಂದು ತಾನೇ ದರ ಇಳಿಸಿದ, ಮೇಲೆ ಕೊನೆಯ ಚೀಲಕ್ಕೆ ಒಂದು ಮುಷ್ಟಿ ಮರಿಯನ್ನು ಕೊಸರೆಂದು ಸುರಿದ. ಮೂವತ್ತು ವರ್ಷ ಬಾಯಿ ಬಡಿದುಕೊಂಡು ಗಳಿಸಿದ್ದಕ್ಕಿಂತ ಹೆಚ್ಚಿನದು ಅರ್ಧ ಗಂಟೆಯ ಮೌನದಲ್ಲಿ ಸಿಕ್ಕಿತು. ಈ ಉಪಾಯವನ್ನು ನೀವು ವರ್ಷಕ್ಕೊಮ್ಮೆಗಿಂತ ಹೆಚ್ಚು ಬಳಸಬೇಡಿ, ಸವೆದುಹೋಗುತ್ತದೆ.

ಮಧ್ಯಾಹ್ನ ಮೂರಕ್ಕೆ ದಂಡೆ ಮುಟ್ಟಿದೆ. ಬಿಳಿ ಬೂಟಿನವನು ಬಂದಿದ್ದ, ಇವತ್ತು ಚಪ್ಪಲಿಯಲ್ಲಿ. ಮೇಡಂ ಅವನನ್ನೇ ಕರೆದರು. ಅವನೀಗ ಕಲಿತಿದ್ದ; ತೊಟ್ಟಿಲಿನ ಅಂಚಿನಿಂದ, ಮರಿ ತೆಳುವಾಗಿದ್ದ ಕಡೆಯಿಂದ ತುಂಬಿದ ವಾಟಿ ಬಂದಾಗಲೇ ಸಾಕು ಎಂದ. ಮೇಡಂ ವಾಟಿಯನ್ನೂ ತಾಟನ್ನೂ ಅವನ ಕೈಗೇ ಕೊಟ್ಟರು.

"ಎಣಸ್ರಿ. ನೀವಽ ಎಣಸ್ರಿ. ನಮ್ಮ ಕಣ್ಣಿನ ಮ್ಯಾಲ ನಿಮಗ ನಂಬಿಕಿ ಬರಂಗಿಲ್ಲ."

ಅವನು ಎಣಿಸಲು ಕೂತ. ಉಗುರಿನಷ್ಟು ಮರಿಗಳು, ತಾಟಿನಲ್ಲಿ ಒಂದು ಕಡೆ ನಿಲ್ಲುವುದಿಲ್ಲ. ಎಂಬತ್ತಕ್ಕೆ ಒಮ್ಮೆ ತಪ್ಪಿತು, ನೂರಾ ನಲವತ್ತಕ್ಕೆ ಒಮ್ಮೆ ತಪ್ಪಿತು. ಹೆಂಗಸರು ಸುತ್ತ ಕೂತರು. "ಆ ಮೂಲಿಯಾಗಿಂದು ಎರಡು ಸಲ ಎಣಿಸಿದಿ ನೋಡಪಾ." "ಇಲ್ಲವಾ, ಅವು ಅವಳಿ-ಜೌಳಿ ಅದಾವ." ಮೂರನೆಯ ಸಲ ಮುಗಿಸಿ ತಲೆ ಎತ್ತಿದ. "ನೂರಾ ತೊಂಬತ್ತಮೂರು," ಎಂದ.

ವಾಟಿಗಳು ನೂರಾ ಎಂಬತ್ತು ತುಂಬಿದವು. ಮೇಡಂ ಕಾಗದದ ಮೇಲೆ ಗುಣಿಸಿದರು, ನಿನ್ನೆಯದನ್ನು ಕೂಡಿಸಿದರು, ಕಾಗದ ನನಗೆ ಕೊಟ್ಟರು. ನಲವತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತು.

ಹತ್ತು ಮೀನು ಕಡಿಮೆ.

ಬಿಳಿ ಬೂಟಿನವನು ನನ್ನ ಹೆಗಲ ಮೇಲಿಂದ ಅದನ್ನು ಓದಿದ. ಅವನ ಮುಖ ಅರಳಿತು. ಚೇರ್ಮನ್ ಕಾಕಾ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತರು. ಇಂದಾಪುರಕ್ಕೆ ಹೋಗಿ ಬರಲು ಹೊತ್ತು ಉಳಿದಿರಲಿಲ್ಲ.

ಮೇಡಂ ಬಗ್ಗಿ ತೊಟ್ಟಿಲಿನ ಬಲೆಯನ್ನು ಒಂದು ಮೂಲೆಗೆ ಎಳೆದರು. ಅಲ್ಲಿ, ವಾಟಿಗೆ ತುಂಬದ ಒಂದಿಷ್ಟು ಮರಿ ಉಳಿದಿತ್ತು. ತುಂಬು ವಾಟಿಯಾಗದೆ ಉಳಿದದ್ದು ಕೊಸರು, ಅದನ್ನು ಲೆಕ್ಕಕ್ಕೆ ಹಿಡಿಯದೆ ಹಾಗೇ ನೀರಿಗೆ ಬಿಡುವುದು ನಮ್ಮಲ್ಲಿ ಅಪ್ಪನ ಕಾಲದ ಪದ್ಧತಿ.

"ಇದನ್ನೂ ಎಣಸ್ರಿ ಭಾವೂ," ಎಂದರು.

"ಕೊಸರು ಎಣಿಸೋ ಪದ್ಧತಿ ಇಲ್ಲ ಮೇಡಂ," ಎಂದ ಅವನು. "ವಾಟಿ ಲೆಕ್ಕ ಅಂದ್ರ ವಾಟಿ ಲೆಕ್ಕ."

ಮೇಡಂ ದಂಡೆಗೆ ಬಂದು, ಕೈ ಒರೆಸಿಕೊಂಡು, ಖಾಕಿ ಚೀಲದಿಂದ ಜಿಆರ್ ತೆಗೆದು ಅವನ ಮುಂದೆ ಹಿಡಿದರು. "ಇದರಾಗ ವಾಟಿ ಅನ್ನೂ ಶಬ್ದಾ ಎಲ್ಲ್ಯದ ತೋರಸ್ರಿ. 'ನೀರಿಗೆ ಬಿಟ್ಟ ಮರಿಗಳ ಸಂಖ್ಯೆ' ಅಂತ ಅದ. ಸರ್ಕಾರ ಕೇಳಿದ್ದು ಮೀನು. ವಾಟಿ ಅನ್ನೂದು ನಮ್ಮ ಆಲಸಿತನ."

ಅವನು ಎರಡೂ ಪುಟ ಓದಿದ. ವಾಟಿ ಸಿಗಲಿಲ್ಲ. ತಾಟು ತೆಗೆದುಕೊಂಡ. ಈ ಸಲ ಹೆಂಗಸರು ಅವನ ಜೊತೆಗೇ ಗಟ್ಟಿಯಾಗಿ ಎಣಿಸಿದರು. ಆರು, ಏಳು, ಎಂಟು. ಹತ್ತು ಎಂದಾಗ ಯಾರೋ ಕೇಕೆ ಹಾಕಿದರು, ಆದರೆ ಮೇಡಂ ಕೈ ಎತ್ತಿ, "ಪೂರ್ತಿ," ಎಂದರು. ಮೂವತ್ತೆಂಟಕ್ಕೆ ನಿಂತಿತು. ಐವತ್ತು ಸಾವಿರದ ಇಪ್ಪತ್ತೆಂಟು. ಮರಿಕೇಂದ್ರದವನು ನನ್ನ ಮೌನಕ್ಕೆ ಹೆದರಿ ಸುರಿದ ಒಂದು ಮುಷ್ಟಿ.

ಮೇಡಂ ದಾಖಲೆಯ ಹಾಳೆಯ ಮೇಲೆ ಎರಡೂ ದಿನದ ಲೆಕ್ಕ ಇದ್ದದ್ದು ಇದ್ದ ಹಾಗೆ ಬರೆದರು. 'ಎಣಿಸಿದವರು' ಎಂಬಲ್ಲಿ ಬಿಳಿ ಬೂಟಿನವನ ಮುಂದೆ ಪೆನ್ನು ಹಿಡಿದರು. ಅವನು ಕೈ ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದ. "ಇರಲಿ, ಹಂಗಽ ಮಾಡ್ರಿ," ಎಂದರು. ಮಾಡಿದ. ಸಹಿಯ ಬಾಲಕ್ಕೆ ನೀರು ತಗುಲಿ ಮಸಿ ಹರಡಿತು. ಹತ್ತು ದಿನದ ಮೇಲೆ ಠೇಕೇದಾರ ಮೇಲಿನವರಿಗೆ ದೂರು ಕೊಟ್ಟನಂತೆ. ಆ ಹಾಳೆಯನ್ನು ತೋರಿಸಿದರು, ದೂರು ಅಲ್ಲಿಗೇ ನಿಂತಿತು. ತನ್ನ ಮನುಷ್ಯನೇ ಎಣಿಸಿದ ಲೆಕ್ಕ ಸುಳ್ಳೆಂದು ಹೇಳುವುದು ಹೇಗೆ? ನೀರು ಇವತ್ತಿಗೂ ಆ ಮೂವತ್ತು ಮನೆಗಳ ಕೈಯಲ್ಲಿದೆ.

ಇನ್ನೊಂದು ಆಯಿತು. ಆ ಹಾಳೆಯ ಅಂಚಿನಲ್ಲಿ ಮೇಡಂ ಒಂದು ಶೇರಾ, ಅಂದರೆ ಟಿಪ್ಪಣಿ, ಬರೆದಿದ್ದರು, ಮೊದಲ ದಿನದ ಮರಿ ಬೆರಳುದ್ದ, ಎರಡನೆಯ ದಿನದ್ದು ಉಗುರುದ್ದ ಎಂದು. ಮುಂದಿನ ಬೇಸಿಗೆಯಲ್ಲಿ ಸಂಘದವರು ಬಲೆ ಎಳೆದಾಗ ಬಂದ ಮೀನೆಲ್ಲ ಹೆಚ್ಚುಕಡಿಮೆ ನನ್ನ ತಪ್ಪಿನಿಂದ ಬಂದ ಬೆರಳುದ್ದದ ಮರಿಗಳೇ ಬೆಳೆದವು. ಎರಡು ಕಟ್ಲಾ ಹಿಡಿದುಕೊಂಡು ಚೇರ್ಮನ್ ಕಾಕಾ ತೆಗೆಸಿಕೊಂಡ ಫೋಟೋ ನನ್ನ ಫೋನಿಗೂ ಬಂತು. ನಾನು ಅದನ್ನು ಹೆಂಡತಿಗೆ ತೋರಿಸಲಿಲ್ಲ. ಮೇಡಂ ಆ ಫೋಟೋವನ್ನೂ ಶೇರಾದ ನಕಲನ್ನೂ ಆ ವರ್ಷದ ಪತ್ರಕ್ಕೆ ಹಚ್ಚಿ ಮುಂಬೈಗೆ ಕಳಿಸಿದರು. ಆ ವರ್ಷವೂ ಉತ್ತರ ಬರಲಿಲ್ಲ, ಅದರ ಮರುವರ್ಷವೂ ಬರಲಿಲ್ಲ. ಹೋದ ವರ್ಷ ಹೊಸ ತಖ್ತೆ ಬಂತು. ಸಂಖ್ಯೆಯ ಪಕ್ಕದಲ್ಲಿ ಒಂದು ಸಣ್ಣ ಅಂಕಣ: ಸರಾಸರಿ ಉದ್ದ.

ಅದನ್ನು ಅವರು ನನಗೆ ತೋರಿಸಿದ್ದು ಶಿವಾಜಿನಗರದ ಬಸ್ ನಿಲ್ದಾಣದಲ್ಲಿ, ನಿಂತುಕೊಂಡೇ. ಅಂಕಣದ ಮೇಲೆ ಬೆರಳಿಟ್ಟು, "ಇಷ್ಟಗಲಾ ಕೊಟ್ಟಾರ. ಎರಡು ಅಂಕಿ ಕಷ್ಟಪಟ್ಟು ಹಿಡೀತಾವ," ಎಂದರು. ಮುಖದಲ್ಲಿ ಮಾತ್ರ ಮಗಳ ಮದುವೆ ನಿಶ್ಚಯವಾದ ಕಳೆಯಿತ್ತು. ಯಾರು ಸೇರಿಸಿದರು, ಯಾರ ಪತ್ರ ಓದಿ ಸೇರಿಸಿದರು, ಎಲ್ಲಿಯೂ ಬರೆದಿರಲಿಲ್ಲ. ನಾನು ಕೇಳಿದೆ, ನಿಮಗ ಬ್ಯಾಸರಾ ಅನಸಲಿಲ್ಲೇನ್ರಿ ಎಂದು. "ಅಂಕಣದಾಗ ನನ್ನ ಹೆಸರು ಬರದ್ರ ಉದ್ದಾ ಬರಿಯಾಕ ಜಾಗಾ ಎಲ್ಲಿ ಉಳೀತದ?" ಎಂದು ಹೇಳಿ ಬಸ್ಸು ಹತ್ತಿದರು.

ಇಷ್ಟು ಓದಿದವರು ನಾಳೆ ಯಾವುದಾದರೂ ಸರ್ಕಾರದ ಯೋಜನೆಗೆ ಕೈ ಹಾಕುವವರಿರಬಹುದು; ಮೀನಿನದೇ ಆಗಬೇಕೆಂದಿಲ್ಲ, ಹನಿ ನೀರಾವರಿಯದೋ ಬಿದಿರು ಸಸಿಯದೋ ಇರಲಿ. ನಿಮಗೆ ನನ್ನ ಅನುಭವದ ಮಾತು. ಎಣಿಕೆಯ ದಿನ ಮನುಷ್ಯನನ್ನು ಕಳಿಸಬೇಡಿ, ಖುದ್ದು ಹೋಗಿ. ಧಂದೆಯ ಬಾಯಿಲೆಕ್ಕವನ್ನು ನಂಬಿ ಮಾಲು ಎತ್ತಬೇಡಿ, ಒಂದು ಹಿಡಿಯನ್ನಾದರೂ ಅಲ್ಲೇ ಎಣಿಸಿ ನೋಡಿ. ನಿಮ್ಮ ಲೆಕ್ಕ ತಪ್ಪಲಿ ಎಂದು ಕಾಯುತ್ತಿರುವವನು ಪ್ರತಿ ದಂಡೆಯಲ್ಲೂ ಒಬ್ಬ ಕೂತಿರುತ್ತಾನೆ; ಅವನನ್ನು ಓಡಿಸಲು ಹೋಗಬೇಡಿ, ಹತ್ತಿರ ಕರೆದು ಎಣಿಸಲು ಹಚ್ಚಿ. ಎಣಿಸಿ ಮುಗಿದ ಕೂಡಲೇ, ಕೈ ಇನ್ನೂ ಒದ್ದೆಯಿರುವಾಗಲೇ ಅವನ ಸಹಿ ತೆಗೆದುಕೊಳ್ಳಿ. ಕೈ ಒಣಗಿದ ಮೇಲೆ ಮನುಷ್ಯನಿಗೆ ಬೇರೆ ವಿಚಾರ ಬರುತ್ತವೆ.